ಬೈರಮ್ಮನವರ ಗಾಲಿಕುರ್ಚಿ

ರಾಮನಗರದ ಹೊನ್ನಾದೇವಿ ಬಾಲಿಕಾ ಪ್ರೌಢಶಾಲೆಯಲ್ಲಿ ಇನ್ನೂರ ಹದಿನಾಲ್ಕು ವಿದ್ಯಾರ್ಥಿನಿಯರು, ಒಂಬತ್ತು ಶಿಕ್ಷಕರು ಹಾಗೂ ಹದಿನೇಳು ಸಂಘಗಳಿವೆ. ವಿಜ್ಞಾನ ಸಂಘ, ಇಕೋ ಕ್ಲಬ್, ಗ್ರಾಹಕರ ಸಂಘ ಮುಂತಾದ ಇವೆಲ್ಲ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ಸುತ್ತೋಲೆಗಳಿಂದ ಹುಟ್ಟಿದವು. ಯಾವುದನ್ನೂ ಮುಚ್ಚಿರೆಂದು ಇದುವರೆಗೆ ಸುತ್ತೋಲೆ ಬಾರದ ಕಾರಣ ಎಲ್ಲವೂ ಜೀವಂತವಾಗಿವೆ. ನಾನು ಈ ಶಾಲೆಯ ದ್ವಿತೀಯ ದರ್ಜೆ ಸಹಾಯಕ. ಹದಿನೇಳೂ ಸಂಘಗಳ ನಡಾವಳಿ ಪುಸ್ತಕ ಬರೆಯುವವನು ನಾನೇ. ಸಭೆ ನಡೆದರೆ ಬರೆಯುತ್ತೇನೆ. ನಡೆಯದಿದ್ದರೆ ಇನ್ನೂ ಚೆನ್ನಾಗಿ ಬರೆಯುತ್ತೇನೆ.

ಹದಿನಾರು ಸಂಘಗಳಿಂದ ಶಾಲೆಗೆ ಯಾವ ತೊಂದರೆಯೂ ಆಗಿಲ್ಲ. ಹದಿನೇಳನೆಯದಾದ ಸೇವಾ ಸಂಘ ಮಾತ್ರ ಕಳೆದ ವರ್ಷ ನಿಜವಾಗಿಯೂ ಸೇವೆ ಮಾಡಲು ಹೊರಟಿತು. ಇದಕ್ಕೆ ಸಂಘದ ಕಾರ್ಯದರ್ಶಿ, ಆಗ ಒಂಬತ್ತನೇ ತರಗತಿಯಲ್ಲಿದ್ದ ನವ್ಯಶ್ರೀಯೇ ಕಾರಣ. ಉಯ್ಯಂಬಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿರುವ ಈ ಹುಡುಗಿಗೆ ಸಂಘದ ಉದ್ದೇಶಗಳನ್ನು ಓದುವ ಅಭ್ಯಾಸವಿತ್ತು.

ಶಾಲೆಯ ಹಿಂದಿನ ಗಲ್ಲಿಯಲ್ಲಿ ಬೈರಮ್ಮ ಎಂಬವರು ಒಂಟಿಯಾಗಿ ವಾಸವಾಗಿದ್ದಾರೆ. ಹತ್ತೊಂಬತ್ತು ವರ್ಷ ಇದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡಿದವರು. ಸಾಂಬಾರಿನ ಹಂಡೆ ಎತ್ತಿ ಇಳಿಸಿ ಅವರ ಎರಡೂ ಮಂಡಿ ಸವೆದುಹೋದವು. ಎರಡು ವರ್ಷದ ಹಿಂದೆ ಕೆಲಸ ಬಿಟ್ಟರು. ಮನೆಯಿಂದ ಬೀದಿಯ ನಲ್ಲಿಗೆ ಇಪ್ಪತ್ತು ಮಾರು ದೂರ. ಬೈರಮ್ಮ ಕೊಡವನ್ನು ಮುಂದೆ ತಳ್ಳಿಕೊಂಡು, ನೆಲದ ಮೇಲೆ ಕೂತುಕೊಂಡೇ ಸರಿಯುತ್ತಾ ಅಲ್ಲಿಗೆ ಹೋಗುತ್ತಿದ್ದರು. ಇದನ್ನು ನವ್ಯಶ್ರೀ ಮಹಡಿಯ ಕಿಟಕಿಯಿಂದ ನೋಡಿದಳು. ಪಾಠದ ವೇಳೆ ಕಿಟಕಿಯಿಂದ ಹೊರಗೆ ನೋಡಬಾರದು ಎಂಬ ನಿಯಮ ಇರುವುದು ಇಂಥ ಕಾರಣಗಳಿಗಾಗಿಯೇ.

ಸೇವಾ ಸಂಘದವರು ಗಾಲಿಕುರ್ಚಿಗಾಗಿ ಒಂದು ಹಾಸ್ಯ ನಾಟಕ ಆಡಿ ಹಣ ಕೂಡಿಸಿದರು. ಬರೆದು ಆಡಿಸಿದವರು ದೈಹಿಕ ಶಿಕ್ಷಕ ಕೆಂಪರಾಜು ಮೇಷ್ಟ್ರು. ನಾಟಕದಲ್ಲಿ ಮಂತ್ರಿಯನ್ನು ಕೋಲಿನಿಂದ ಅಟ್ಟಿಸಿಕೊಂಡು ಹೋಗುವ ಒಬ್ಬ ಅಜ್ಜಿ ಇದ್ದಳು. ಆ ಪಾತ್ರ ಮಾಡಿದವಳು ಒಂಬತ್ತನೇ ತರಗತಿಯ ಕೆಹಕಶಾನ್, ರೇಷ್ಮೆ ನೂಲು ತೆಗೆಯುವ ಖಲಂದರ್ ಅವರ ಮಗಳು. ಇವಳು ಶಾಲೆಯ ಖೋ-ಖೋ ತಂಡದಲ್ಲಿ ಎಲ್ಲರಿಗಿಂತ ವೇಗವಾಗಿ ಓಡುವವಳು. ಸ್ವಂತ ಶಾಲೆಯಲ್ಲಿ, ಚನ್ನಪಟ್ಟಣದಲ್ಲಿ, ಕುದೂರಿನಲ್ಲಿ ಪ್ರದರ್ಶನ ನಡೆದು ಗಾಲಿಕುರ್ಚಿಗೆ ಬೇಕಾದ ಹಣದ ಮುಕ್ಕಾಲು ಪಾಲು ಬಂತು.

"ಉಳಿದಿದ್ದು ನಾವೇ ಹಾಕಿ, ಅಂಗಡಿಯಿಂದ ತಂದು ಅಜ್ಜಿ ಮನೆಗೆ ಬಿಟ್ಟು ಬತ್ತೀವಿ ಮೇಡಂ," ಎಂದಳು ನವ್ಯಶ್ರೀ.

ಮುಖ್ಯಶಿಕ್ಷಕಿ ಶಾಲಿನಿ ಮೇಡಂ ಕನ್ನಡಕ ತೆಗೆದಿಟ್ಟರು. "ಹಾಗೆಲ್ಲ ಸುಮ್ಮನೆ ಹೋಗಿ ಸಹಾಯ ಮಾಡೋಕೆ ಬರಲ್ಲಮ್ಮ. ಅದಕ್ಕೊಂದು ಕಾರ್ಯಕ್ರಮ ಬೇಕು."

ಮೇಡಂ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಬಿಡದಿಯ ಕಾರ್ಖಾನೆಯೊಂದರ ಸಮಾಜಸೇವಾ ವಿಭಾಗ ಉಳಿದ ಕಾಲು ಪಾಲು ಕೊಡಲು ಒಪ್ಪಿತು. ಮುಂದಿನ ವರ್ಷ ಎರಡು ಕೊಠಡಿ ಕಟ್ಟಿಸಿಕೊಡುವ ಬಗ್ಗೆಯೂ ಯೋಚಿಸುವುದಾಗಿ ಹೇಳಿತು. ಕುರ್ಚಿಯ ಬೆನ್ನಿಗೆ ಕಾರ್ಖಾನೆಯ ಹೆಸರು ಬಂತು. ವೇದಿಕೆಗೆ ಇಪ್ಪತ್ತಡಿ ಉದ್ದದ ಬ್ಯಾನರ್ ಬಂತು. ಬ್ಯಾನರಿನ ಬೆಲೆ ಕಾರ್ಖಾನೆ ಕೊಟ್ಟ ಕಾಲು ಪಾಲಿಗಿಂತ ಸ್ವಲ್ಪ ಹೆಚ್ಚಾಯಿತು ಎಂಬುದನ್ನು ನಾನು ನಡಾವಳಿಯಲ್ಲಿ ಬರೆದಿಲ್ಲ.

ಕಾರ್ಯಕ್ರಮದ ದಿನ ಮುಖ್ಯ ಅತಿಥಿಯಾಗಿ ಕಾರ್ಖಾನೆಯ ಅಧಿಕಾರಿ ಮನೋಹರ್ ಅವರು ಬಂದರು. ಪ್ರಾರ್ಥನೆ, ಸ್ವಾಗತ, ದೀಪ ಎಲ್ಲ ಸುಸೂತ್ರವಾಗಿ ಮುಗಿದು, ಬೈರಮ್ಮನವರನ್ನು ವೇದಿಕೆಗೆ ಕರೆದಾಗ ಒಂದು ಸಣ್ಣ ತಾಂತ್ರಿಕ ಅಡಚಣೆ ಎದುರಾಯಿತು. ವೇದಿಕೆಗೆ ಒಂಬತ್ತು ಮೆಟ್ಟಿಲುಗಳಿದ್ದವು.

ನಡೆಯಲಾಗದವರಿಗೆ ಕೊಡುವ ಗಾಲಿಕುರ್ಚಿಯನ್ನು ಪಡೆಯಲು ನಡೆದು ಬರಬೇಕಾಗುತ್ತದೆ ಎಂಬುದು ಸ್ವಾಗತ ಸಮಿತಿ, ವೇದಿಕೆ ಸಮಿತಿ, ಉಪಾಹಾರ ಸಮಿತಿ ಈ ಮೂರರ ಗಮನಕ್ಕೂ ಬಂದಿರಲಿಲ್ಲ. ಕುರ್ಚಿಯನ್ನೇ ಕೆಳಗಿಳಿಸೋಣ ಎಂದು ನವ್ಯಶ್ರೀ ಹೇಳಿದಳು. ಮನೋಹರ್ ಅವರು ವಿಷಾದದಿಂದ ತಲೆಯಾಡಿಸಿದರು. "ಬ್ಯಾನರ್ ಮೇಲಿದೆಯಲ್ಲ. ಬ್ಯಾನರ್ ಇಲ್ಲದೆ ಫೋಟೋ ತಗೊಂಡರೆ ಕೊಟ್ಟ ಹಾಗೇ ಆಗಲ್ಲ."

ಖೋ-ಖೋ ಹುಡುಗಿಯರು ನಾಲ್ವರು ಬೈರಮ್ಮನವರನ್ನು ಎತ್ತಿಕೊಂಡು ಬರಲು ಓಡಿದರು. ಬೈರಮ್ಮ ಎರಡೂ ಕೈ ಅಡ್ಡ ಹಿಡಿದರು.

"ಹೆಣ ಎತ್ತಂಗೆ ಎತ್ಬ್ಯಾಡ್ರವ್ವಾ. ನಾನಿನ್ನೂ ಬದ್ಕಿವ್ನಿ. ನೀವು ಅದೇನ್ ಮಾಡ್ತೀರೋ ಮಾಡ್ಕಳಿ, ನಾನು ಇಲ್ಲೇ ಕೂತ್ಕಂಡ್ ನೋಡ್ತೀನಿ."

ಕೆಂಪರಾಜು ಮೇಷ್ಟ್ರು ಆಗ ಸಮಯಪ್ರಜ್ಞೆ ತೋರಿದರು. ನಾಟಕದ ನರೆಗೂದಲು, ಸೀರೆ ಪಕ್ಕದ ಕೋಣೆಯಲ್ಲೇ ಇದ್ದವು. ಐದು ನಿಮಿಷದಲ್ಲಿ ಕೆಹಕಶಾನ್ ಅಜ್ಜಿಯಾಗಿ, ಒಂಬತ್ತು ಮೆಟ್ಟಿಲುಗಳನ್ನು ಮೂರೇ ನೆಗೆತಕ್ಕೆ ಹತ್ತಿ, ಸೊಂಟ ಬಗ್ಗಿಸಿ ಕುರ್ಚಿಯಲ್ಲಿ ಕುಳಿತಳು. ಮನೋಹರ್ ಅವರು ಹಸ್ತಾಂತರ ಮಾಡಿದರು. ಕೆಹಕಶಾನ್ ಕಣ್ಣೀರು ಒರೆಸಿಕೊಂಡಳು. ನಾಟಕದಲ್ಲಿ ಅದೊಂದು ದೃಶ್ಯವಿತ್ತು, ಅಭ್ಯಾಸವಾಗಿತ್ತು. ಸಭೆ ದೀರ್ಘ ಕರತಾಡನ ಮಾಡಿತು. ಕೆಳಗೆ ಕೂತಿದ್ದ ಬೈರಮ್ಮನೂ ಚಪ್ಪಾಳೆ ತಟ್ಟಿದರು.

ಫೋಟೋ ಆಗಲೇ ಕಾರ್ಖಾನೆಯ ಆ್ಯಪಿಗೆ ಹೋಯಿತು. ಆ್ಯಪು ಮುಖ ಗುರುತಿಸುವಂಥದು. ನರೆಗೂದಲಿಗೆ ಅದು ಮೋಸ ಹೋಗಲಿಲ್ಲ. ಶಾಲೆಯ ದಾಖಲೆಗಳಲ್ಲಿ ಹುಡುಕಿ, "ಫಲಾನುಭವಿ: ಕೆಹಕಶಾನ್, 14 ವರ್ಷ, ನಡೆಯಲು ಅಸಮರ್ಥ" ಎಂದು ಅದೇ ತುಂಬಿಕೊಂಡಿತು. ಕೆಳಗೆ ಸಣ್ಣ ಅಕ್ಷರದಲ್ಲಿ, ತಿದ್ದುಪಡಿಗೆ ಅವಕಾಶವಿಲ್ಲ ಎಂದಿತ್ತು. ಒಂದು ವರ್ಷ ಪರ್ಯಂತ ಹದಿನೈದು ದಿನಕ್ಕೊಮ್ಮೆ ಫಲಾನುಭವಿಯು ಕುರ್ಚಿಯಲ್ಲಿ ಕುಳಿತ ಚಿತ್ರ ಕಳಿಸಬೇಕು. ಯಾವಾಗ ಬೇಕಾದರೂ ವಿಡಿಯೋ ಕರೆ ಬರಬಹುದು. ಬೇರೆಯವರು ಕುಳಿತಿದ್ದರೆ ದುರುಪಯೋಗವೆಂದು ಪರಿಗಣಿಸಲಾಗುವುದು. ಕುರ್ಚಿ ಶಾಲೆಯ ಆವರಣ ದಾಟಬಾರದು.

ಎರಡು ಕೊಠಡಿಗಳ ಭವಿಷ್ಯದ ಪ್ರಶ್ನೆಯಾದ್ದರಿಂದ ಮರುದಿನ ಸೂಚನಾ ಫಲಕದಲ್ಲಿ ಈ ಕೆಳಕಂಡ ಸೂಚನೆ ಪ್ರಕಟವಾಯಿತು. ಬರೆದವನು ನಾನೇ.

"ಒಂಬತ್ತನೇ ತರಗತಿಯ ಕುಮಾರಿ ಕೆಹಕಶಾನ್ ಇವರು ಶಾಲಾ ಆವರಣದೊಳಗೆ ನಿಲ್ಲುವುದು, ನಡೆಯುವುದು ಹಾಗೂ ಓಡುವುದನ್ನು ಮುಂದಿನ ಆದೇಶದವರೆಗೆ ನಿಷೇಧಿಸಲಾಗಿದೆ. ರಾಷ್ಟ್ರಗೀತೆಯ ಐವತ್ತೆರಡು ಸೆಕೆಂಡುಗಳಿಗೆ ಮಾತ್ರ ವಿನಾಯಿತಿ ಇರುತ್ತದೆ."

ಹುಡುಗಿಯ ತಂದೆ ಖಲಂದರ್ ನೂಲಿನ ಬಿಸಿನೀರಿನಲ್ಲಿ ಬೆಂದ ಕೈಗಳನ್ನು ಒರೆಸಿಕೊಳ್ಳುತ್ತಾ ಕಚೇರಿಗೆ ಓಡಿಬಂದರು.

"ಮೇಡಂ, ನಮ್ ಹುಡ್ಗಿ ಕಾಲು ಚೆನ್ನಾಗೈತೆ. ನೆನ್ನೆ ಇನ್ನಾ ಮನೆ ಮೋಲ್ಡಿಂಗ್ ಮೇಲಿಂದ ಜಿಗಿದವ್ಳೆ, ಅವ್ರಮ್ಮನ ಕೈಲಿ ಬೈಸ್ಕೊಂಡವ್ಳೆ."

"ಚೆನ್ನಾಗಿರೋದು ನಮಗೂ ಸಂತೋಷಾನೇ," ಎಂದರು ಶಾಲಿನಿ ಮೇಡಂ. "ಅದನ್ನ ಗೇಟಿನ ಹೊರಗೆ ಇಟ್ಕೊಳ್ಳಿ ಅಂತಷ್ಟೇ ನಾವು ಹೇಳ್ತಿರೋದು."

"ಮದುವೆ ಮಾಡೋ ಟೈಮಲ್ಲಿ ಯಾರಾದ್ರೂ ಕೇಳಿದ್ರೆ?"

"ಮದುವೆಗೆ ಇನ್ನೂ ಬಹಳ ವರ್ಷ ಇದೆ. ಫಲಾನುಭವಿ ಅವಧಿ ಒಂದೇ ವರ್ಷ."

ಖಲಂದರ್ ಅವರು ನನ್ನ ಕಡೆ ನೋಡಿದರು. ನಾನು ಸ್ವೀಕೃತಿ ರಿಜಿಸ್ಟರಿನಲ್ಲಿ ಅವರ ಸಹಿ ತೆಗೆದುಕೊಂಡೆ.

ಕೆಹಕಶಾನ್ ಎರಡು ದಿನ ಅತ್ತಳು. ಕುರ್ಚಿಯಲ್ಲಿ ಕೂರುವುದಕ್ಕಿಂತ, ಅದು ಯಾರದೆಂದು ಗೊತ್ತಿದ್ದೂ ಕೂರುವುದು ಅವಳಿಗೆ ಕಷ್ಟವಾಗಿತ್ತು. ಮೂರನೆಯ ದಿನ ಬೆಳಿಗ್ಗೆ ಬೈರಮ್ಮನವರನ್ನು ಹೆಗಲಿಗೆ ಆನಿಸಿಕೊಂಡು ಹಿಂದಿನ ಗೇಟಿನೊಳಕ್ಕೆ ಕರೆತಂದು ಕುರ್ಚಿಯಲ್ಲಿ ಕೂರಿಸಿ, ತಾನು ತಳ್ಳಿದಳು. ಬೈರಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಾ ಮೈದಾನವನ್ನು ಒಂದು ಸುತ್ತು ಬಂದರು. ಅಷ್ಟರಲ್ಲೇ ಮಹಡಿಯಲ್ಲಿದ್ದ ಮೇಡಂ ಫೋನಿಗೆ ಮೊದಲ ವಿಡಿಯೋ ಕರೆ ಬಂತು. ಅವರು ಫೋನನ್ನು ಮೈದಾನದ ಕಡೆ ತಿರುಗಿಸಿದರು. ಆ್ಯಪು ಬೈರಮ್ಮನವರ ಮುಖ ನೋಡಿ, "ಅಪರಿಚಿತ ವ್ಯಕ್ತಿ, ಮೊದಲ ಎಚ್ಚರಿಕೆ" ಎಂದು ಕೆಂಪು ಅಕ್ಷರ ತೋರಿಸಿತು. ಹತ್ತೊಂಬತ್ತು ವರ್ಷ ಅದೇ ಆವರಣದಲ್ಲಿ ಅನ್ನ ಬಡಿಸಿದವರನ್ನು ಅಪರಿಚಿತರೆಂದು ಮೊದಲು ಕರೆದದ್ದು ಅದು. ಆದರೆ ಆ್ಯಪಿಗೆ ಊಟದ ಅಭ್ಯಾಸವಿಲ್ಲ.

"ಇಳಿರಿ, ಇಳಿರಿ!" ಎಂದು ಶಾಲಿನಿ ಮೇಡಂ ಮಹಡಿಯಿಂದಲೇ ಕೂಗಿದರು.

ಬೈರಮ್ಮ ಇಳಿದರು. ಕೆಹಕಶಾನ್ ಕೂತಳು. ಎಚ್ಚರಿಕೆ ಮಾಯವಾಯಿತು. ಬೈರಮ್ಮ ಬೀಳದಿರಲೆಂದು ಕುರ್ಚಿಯ ಹಿಡಿಗಳನ್ನು ಹಿಡಿದುಕೊಂಡಿದ್ದರು. ಹಾಗೇ ಒಂದು ಹೆಜ್ಜೆ ಇಟ್ಟರು. ಇನ್ನೊಂದು ಇಟ್ಟರು.

"ಹಿಡ್ಕಂಡ್ ನಡುದ್ರೆ ಮಂಡಿಗೆ ಒಸಿ ಆರಾಮಾಗೈತೆ ಕಣ್ ಮಗಾ," ಎಂದರು. "ಮುಂದ್ಗಡೆ ಭಾರ ಇದ್ರೆ ಚೆಂದಾಗಿ ಹೋಯ್ತದೆ. ನೀನು ಅಂಗೇ ಕೂತಿರು."

"ಅಜ್ಜಿ, ನಂಗೆ ನಾಚಿಕೆ ಆಗ್ತದೆ. ನೀವು ತಳ್ಳೋದು, ನಾನು ಕೂರೋದು."

"ನಾಚ್ಕೆ ಯಾಕವ್ವಾ? ನಿಂಗೆ ಕೂರಕ್ಕೆ ಆರ್ಡ್ರು ಬಂದೈತೆ. ನಂಗೆ ಯಾವ ಆರ್ಡ್ರೂ ಬಂದಿಲ್ಲ. ನಾನೇ ಸುಖವಾಗಿವ್ನಿ."

ಅಂದಿನಿಂದ ಇದೇ ಪದ್ಧತಿಯಾಯಿತು. ಬೆಳಿಗ್ಗೆ ಬೈರಮ್ಮ ಕೆಹಕಶಾನ್‌ಳನ್ನು ಮುಂದಿನ ಗೇಟಿನಿಂದ ತರಗತಿಗೆ ತಳ್ಳುವರು. ಸಂಜೆ ಶಾಲೆಯ ನಲ್ಲಿಯಲ್ಲಿ ಕೊಡ ತುಂಬಿಸಿ ಅವಳ ಮಡಿಲಲ್ಲಿಟ್ಟು ಹಿಂದಿನ ಗೇಟಿನವರೆಗೆ ತಳ್ಳುವರು. ಗೇಟು ದಾಟಿದೊಡನೆ ಕೆಹಕಶಾನ್ ಎದ್ದು, ಒಂದು ಕೈಯಲ್ಲಿ ಕೊಡ, ಇನ್ನೊಂದು ಕೈಯಲ್ಲಿ ಬೈರಮ್ಮನವರನ್ನು ಹಿಡಿದು ಮನೆ ಸೇರಿಸಿ ಬರುವಳು. ಆವರಣದ ಹೊರಗೆ ಅವಳ ಕಾಲುಗಳ ಮೇಲೆ ಶಾಲೆಗೆ ಅಧಿಕಾರವಿರಲಿಲ್ಲ. ಕಾರ್ಖಾನೆಯವರು ಚಿತ್ರಗಳಲ್ಲಿ ತಳ್ಳುತ್ತಿದ್ದ ವೃದ್ಧೆಯನ್ನು ಗಮನಿಸಿ "ಸೃಷ್ಟಿಯಾದ ಉದ್ಯೋಗ: ಒಂದು" ಎಂದು ವರದಿಯಲ್ಲಿ ಸೇರಿಸಿಕೊಂಡರು.

ಹೀಗೆ ಎಲ್ಲ ಸರಿಹೋಯಿತು ಎನ್ನುವಾಗ ಚನ್ನಪಟ್ಟಣದಲ್ಲಿ ಜಿಲ್ಲಾ ಮಟ್ಟದ ಖೋ-ಖೋ ಪಂದ್ಯಾವಳಿ ಬಂತು.

"ಕೆಹಕಶಾನ್ ಇಲ್ದೆ ಹೋದ್ರೆ ಮಾಗಡಿಯೋರು ನಮ್ಮುನ್ನ ನುಂಗಾಕ್ಬುಡ್ತಾರೆ ಮೇಡಂ," ಎಂದು ಕೆಂಪರಾಜು ಮೇಷ್ಟ್ರು ಮೇಡಂ ಮುಂದೆ ಕೈಕಟ್ಟಿ ನಿಂತರು. "ಮೂರು ವರ್ಷದಿಂದ ಸೋತಿವಿ."

"ನಡೆಯೋಕೆ ಅಸಮರ್ಥ ಅಂತ ದಾಖಲೆ ಇರೋ ಹುಡುಗೀನ ಓಡಿಸ್ತೀರಾ?"

ಮೇಷ್ಟ್ರು ಎರಡು ದಿನ ಯೋಚಿಸಿ ಹೊಸದೊಂದು ವಾದ ತಂದರು. ಖೋ-ಖೋದಲ್ಲಿ ಅಟ್ಟಿಸುವ ತಂಡದ ಒಂಬತ್ತು ಜನರಲ್ಲಿ ಓಡುವವಳು ಒಬ್ಬಳೇ. ಉಳಿದ ಎಂಟು ಜನ ಅಂಕಣದ ನಡುವೆ ಸಾಲಾಗಿ ಕುಳಿತಿರುತ್ತಾರೆ. ಓಡುವವಳು ಬಂದು ಬೆನ್ನು ಮುಟ್ಟಿ "ಖೋ" ಎಂದರೆ ಮಾತ್ರ ಕೂತವಳು ಏಳಬೇಕು.

ಕೂರುವ ಆಟವೆಂದು ತಿಳಿದ ಮೇಲೆ ಮೇಡಂ ಅನುಮತಿ ಕೊಟ್ಟರು. ಷರತ್ತು ಒಂದೇ: ಕೆಹಕಶಾನ್‌ಗೆ ಯಾರೂ ಖೋ ಕೊಡತಕ್ಕದ್ದಲ್ಲ. ಹನ್ನೆರಡು ಆಟಗಾರ್ತಿಯರಿಂದಲೂ ಮುಚ್ಚಳಿಕೆ ಬರೆಸಿಕೊಂಡೆ. ತಂಡದಲ್ಲಿದ್ದ ನವ್ಯಶ್ರೀ ಎಲ್ಲರಿಗಿಂತ ಮೊದಲು ಸಹಿ ಮಾಡಿದಳು. ಅದನ್ನು ನೋಡಿಯೇ ನನಗೆ ಅನುಮಾನ ಬರಬೇಕಿತ್ತು.

ಹಾಜರಿ ಪುಸ್ತಕ ಹಿಡಿದು ನಾನೂ ಚನ್ನಪಟ್ಟಣಕ್ಕೆ ಹೋಗಿದ್ದೆ. ಅಂತಿಮ ಪಂದ್ಯ ಮಾಗಡಿ ತಂಡದ ಮೇಲೆ. ಕೊನೆಯ ಸರದಿಯಲ್ಲಿ ಎರಡು ನಿಮಿಷ ಉಳಿದಿತ್ತು, ಗೆಲ್ಲಲು ಇನ್ನೂ ಮೂವರನ್ನು ಔಟ್ ಮಾಡಬೇಕಿತ್ತು. ಕೆಹಕಶಾನ್ ಅಷ್ಟು ಹೊತ್ತೂ ಷರತ್ತಿನ ಪ್ರಕಾರ ಸಾಲಿನಲ್ಲಿ ಕೂತಿದ್ದಳು. ಬೆರಳುಗಳು ಮಾತ್ರ ಮಣ್ಣನ್ನು ಕೆರೆಯುತ್ತಿದ್ದವು. ಓಡುತ್ತಿದ್ದ ನವ್ಯಶ್ರೀಗೆ ಉಸಿರು ಕಟ್ಟುತ್ತಿತ್ತು. ಅವಳು ಕೆಹಕಶಾನ್ ಹಿಂದೆ ಬಂದು ಕ್ಷಣ ನಿಂತಳು. ಕೆಂಪರಾಜು ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಮುಂದೆ ವಿಚಾರಣೆ ನಡೆದರೆ ತಾವು ನೋಡಿಲ್ಲ ಎನ್ನಲು ಅನುಕೂಲವಾಗಲೆಂದು.

"ಖೋ!"

ಮೂರು ತಿಂಗಳು ಕುರ್ಚಿಯಲ್ಲಿ ಮಡಚಿಟ್ಟಿದ್ದ ಕಾಲುಗಳು ಅವು. ಮೊದಲ ಹುಡುಗಿ ತಿರುಗಿ ನೋಡುವುದರೊಳಗೆ ಔಟಾದಳು. ಎರಡನೆಯವಳು ಕಂಬದ ಹತ್ತಿರ ಸಿಕ್ಕಳು. ಮೂರನೆಯವಳು ಎಡಕ್ಕೆ ಹೋಗುವಂತೆ ತೋರಿಸಿ ಕಂಬ ಬಳಸಿದಾಗ ಕೆಹಕಶಾನ್ ಒಂದು ಕೈಯಲ್ಲಿ ಕಂಬ ಹಿಡಿದು ನೆಲಕ್ಕೆ ಸಮಾನಾಂತರವಾಗಿ ಹಾರಿದಳು. ಸೀಟಿ ಕೇಳಿಸಿತು. ನಾನು ಸರ್ಕಾರಿ ಹಾಜರಿ ಪುಸ್ತಕವನ್ನು ಗಾಳಿಗೆ ಎಸೆದೆನೆಂದು ಆಮೇಲೆ ಯಾರೋ ಹೇಳಿದರು. ದಾಖಲೆಯಲ್ಲಿ ಅದು ಇಲ್ಲ.

ಮರುದಿನದ ಪತ್ರಿಕೆಯಲ್ಲಿ ಆ ಹಾರುವ ಚಿತ್ರವೇ ಬಂತು, ಹೆಸರು ಸಮೇತ. ಶಾಲಿನಿ ಮೇಡಂ ಅದನ್ನು ಮೇಜಿನ ಮೇಲೆ ಹರಡಿ ಬಹಳ ಹೊತ್ತು ನೋಡಿದರು. ಹುಡುಗಿಯ ಎರಡೂ ಕಾಲು ನೆಲದಿಂದ ಮೂರಡಿ ಮೇಲಿದ್ದವು.

"ಓಡಬಾರ್ದು ಅಂದಿದ್ನಲ್ರೀ."

"ಇದ್ರಲ್ಲಿ ಓಡ್ತಾ ಇಲ್ಲ ಮೇಡಂ," ಎಂದರು ಕೆಂಪರಾಜು ಮೇಷ್ಟ್ರು, "ಹಾರ್ತಾವ್ಳೆ. ಹಾರೋದಕ್ಕೆ ನಾವು ಷರತ್ತು ಹಾಕಿರ್ಲಿಲ್ಲ."

ಅಷ್ಟರಲ್ಲಿ ಮನೋಹರ್ ಅವರ ಕಾರು ಗೇಟಿಗೆ ಬಂತು. ಕೈಯಲ್ಲಿ ಅದೇ ಪತ್ರಿಕೆ. ಮೇಡಂ ಎದ್ದು ನಿಂತರು. ಅವರಿಗೆ ಎರಡು ಕೊಠಡಿಗಳು ಕಣ್ಣೆದುರೇ ಕುಸಿಯುತ್ತಿರುವಂತೆ ಕಂಡಿರಬೇಕು.

"ಮೇಡಂ, ಚೇರ್ ಕೊಟ್ಟು ಎಷ್ಟು ದಿನ ಆಯ್ತು?"

ನಾನು ರಿಜಿಸ್ಟರ್ ನೋಡಿ, "ಎಂಬತ್ತೇಳು ದಿನ ಸಾರ್," ಎಂದೆ.

"ಎಂಬತ್ತೇಳು ದಿನ!" ಮನೋಹರ್ ಅವರ ಕಣ್ಣಲ್ಲಿ ನೀರು ಬಂತು. ಇದು ಅಭಿನಯವಲ್ಲ, ಅವರು ನಾಟಕದವರಲ್ಲ. "ನಡೆಯೋಕೇ ಆಗದ ಹುಡುಗಿ ಎಂಬತ್ತೇಳು ದಿನದಲ್ಲಿ ಜಿಲ್ಲಾ ಚಾಂಪಿಯನ್! ನಮ್ಮ ಕಂಪನೀಲಿ ಇಷ್ಟು ವರ್ಷದಲ್ಲಿ ಇಂಥ ರಿಸಲ್ಟ್ ಯಾವ ಸ್ಕೀಮಿಗೂ ಬಂದಿಲ್ಲ."

ಶಾಲಿನಿ ಮೇಡಂ ನಿಧಾನವಾಗಿ ಕುಳಿತರು. "ಎಲ್ಲಾ ನಿಮ್ಮ ಸಹಕಾರ ಸಾರ್," ಎಂದರು.

ಸತ್ಯ ಹೇಳಿದವಳು ನವ್ಯಶ್ರೀ. ಅವಳು ಬಾಗಿಲಲ್ಲಿ ನಿಂತಿದ್ದಳು, ಪಕ್ಕದಲ್ಲಿ ಕುರ್ಚಿ, ಕುರ್ಚಿಯಲ್ಲಿ ಕೆಹಕಶಾನ್, ಹಿಂದೆ ಬೈರಮ್ಮ.

"ಸಾರ್, ಇವ್ಳು ಮೊದ್ಲಿಂದಾನೂ ಓಡ್ತಿದ್ಲು. ಇವ್ಳ ಕಾಲಿಗೆ ಏನೂ ಆಗಿರ್ಲಿಲ್ಲ. ಚೇರು ಬೈರಮ್ಮಜ್ಜಿಗೆ ಅಂತ ನಾವು ದುಡ್ಡು ಎತ್ತಿದ್ದು."

"ಹೌದು ಸಾರ್," ಎಂದಳು ಕೆಹಕಶಾನ್, ಎದ್ದು ನಿಂತು. "ಅಜ್ಜೀಗೆ ಕೊಟ್ಬಿಡಿ."

ಮನೋಹರ್ ಅವರು ತಾಳ್ಮೆಯ ಮನುಷ್ಯ. ಬೈರಮ್ಮನವರ ಕಡೆ ತಿರುಗಿ, "ಅಮ್ಮಾ, ನಿಮ್ಮ ವಯಸ್ಸೆಷ್ಟು?" ಎಂದರು.

"ಅರವತ್ನಾಕೋ ಅರವತ್ತೈದೋ ಆಗೈತೆ ಸ್ವಾಮಿ."

"ಈ ಚೇರ್ ನಿಮಗೆ ಕೊಟ್ಟರೆ ಎಂಬತ್ತೇಳು ದಿನದಲ್ಲಿ ಓಡ್ತೀರಾ?"

"ಓಡಕ್ಕಲ್ಲ ಸ್ವಾಮಿ. ನಲ್ಲಿತಂಕ ಹೋಗಕ್ಕೆ ಕೇಳಿದ್ದು."

ಮನೋಹರ್ ಅವರು ನವ್ಯಶ್ರೀ ಕಡೆ ತಿರುಗಿ ಬಹಳ ಮೃದುವಾಗಿ ಹೇಳಿದರು: "ನೋಡಮ್ಮ, ನಿನ್ನ ಭಾವನೆ ಅರ್ಥ ಆಗುತ್ತೆ. ಆದರೆ ನಾವು ರಿಸಲ್ಟ್ ಎಲ್ಲಿ ಬರುತ್ತೋ ಅಲ್ಲಿ ಕೊಡಬೇಕಾಗುತ್ತೆ. ನಲ್ಲಿ ವಿಷಯ ನೀರಿನ ವಿಭಾಗಕ್ಕೆ ಬರುತ್ತೆ. ಅದು ಮುಂದಿನ ವರ್ಷದ ಬಜೆಟ್."

ಒಂದು ತಿಂಗಳಲ್ಲಿ ಮುಖ್ಯ ಕಚೇರಿಯಿಂದ ಮಂಜೂರಾತಿ ಬಂತು. ಖೋ-ಖೋ ತಂಡದ ಹನ್ನೆರಡೂ ಆಟಗಾರ್ತಿಯರಿಗೆ ತಲಾ ಒಂದು ಗಾಲಿಕುರ್ಚಿ. ಕೆಹಕಶಾನ್‌ಗೆ ಹಳೆಯದರ ಬದಲು ಹೊಸ ಮಾದರಿಯದು. ಹಳೆಯದನ್ನಾದರೂ ಬೈರಮ್ಮನಿಗೆ ಕೊಡಬಹುದೇ ಎಂದು ನವ್ಯಶ್ರೀ ಅರ್ಜಿ ಬರೆದಳು. ಹಳೆಯ ಕುರ್ಚಿಯನ್ನು ಸ್ಮಾರಕವಾಗಿ ಗಾಜಿನ ಪೆಟ್ಟಿಗೆಯಲ್ಲಿಡಲು ತೀರ್ಮಾನವಾಗಿತ್ತಾದ್ದರಿಂದ ಅರ್ಜಿಯನ್ನು ವಿಷಾದದಿಂದ ವಿಲೇ ಮಾಡಲಾಯಿತು.

ಆದರೆ ಬೈರಮ್ಮನವರಿಗೆ ಅನ್ಯಾಯವಾಯಿತು ಎಂದು ಯಾರೂ ತಿಳಿಯಬಾರದು. ಮಾರ್ಗಸೂಚಿ ಪ್ರಕಾರ ಪ್ರತಿ ಕುರ್ಚಿಗೆ ಒಬ್ಬ ಸಹಾಯಕಿ ಇರಬೇಕು, ಆಕೆಗೆ ತಿಂಗಳಿಗೆ ಗೌರವಧನ ಕೊಡಬೇಕು. ಬೈರಮ್ಮ ಮುಖ್ಯ ಸಹಾಯಕಿಯಾಗಿ ನೇಮಕಗೊಂಡರು. ಉಳಿದ ಹನ್ನೊಂದು ಜನರನ್ನು ಅವರೇ ಹುಡುಕಿ ತಂದರು. ಮಂಡಿ ಹೋದವರು, ಸೊಂಟ ಹೋದವರು, ವರ್ಷಗಟ್ಟಲೆ ರೇಷ್ಮೆ ನೂಲು ತೆಗೆಯುವ ಒಲೆಯ ಮಗ್ಗುಲಲ್ಲಿ ನಿಂತು ಕಾಲು ಊದಿದವರು. "ಹಿಡ್ಕಂಡ್ ನಡೀಬೌದು, ಕಾಸೂ ಕೊಡ್ತಾರೆ," ಎಂದು ಅವರು ಹೇಳಿದ ಮೇಲೆ ಗಲ್ಲಿಯಲ್ಲಿ ಕಾಯುವವರ ಪಟ್ಟಿಯೂ ಬೆಳೆದಿದೆ.

ಈಗ ಪ್ರತಿದಿನ ಬೆಳಿಗ್ಗೆ ಒಂಬತ್ತೂವರೆಗೆ ಜಿಲ್ಲಾ ಚಾಂಪಿಯನ್ ತಂಡದ ಹನ್ನೆರಡು ಹುಡುಗಿಯರು ಗೇಟಿನವರೆಗೆ ಓಡಿಬರುತ್ತಾರೆ. ಗೇಟಿನೊಳಗೆ ಸಾಲಾಗಿ ಗಾಲಿಕುರ್ಚಿಗಳಲ್ಲಿ ಕೂರುತ್ತಾರೆ. ಹನ್ನೆರಡು ವೃದ್ಧೆಯರು ಕುಂಟುತ್ತಾ ಅವರನ್ನು ತರಗತಿಗೆ ತಳ್ಳಿಕೊಂಡು ಹೋಗುತ್ತಾರೆ. ಕೆಹಕಶಾನ್ ದಾರಿಯಲ್ಲೇ ಹೋಂವರ್ಕ್ ಮುಗಿಸುತ್ತಾಳೆ. ಮೊದಮೊದಲು ತಲೆ ತಗ್ಗಿಸುತ್ತಿದ್ದಳು. ಈಗ ಬೈರಮ್ಮ ನಿಧಾನವಾದರೆ, "ಅಜ್ಜಿ, ಬೆಲ್ ಆಯ್ತು," ಎನ್ನುತ್ತಾಳೆ. ಕನಕಪುರದಿಂದ ಪೋಷಕರು ಬಂದು, "ಕೂತ್ರೆ ಓಡೋ ಕುರ್ಚಿ ಐತಂತಲ್ಲ, ನಮ್ ಮಗೀಗೂ ಒಂದು ಸೀಟು ಕೊಡಿ," ಎಂದು ಕೇಳುತ್ತಾರೆ. ಖಲಂದರ್ ಅವರೇ ನಿಂತು ಅವರಿಗೆ ವಿವರಿಸುತ್ತಾರೆ. ಎರಡು ಕೊಠಡಿಗಳು ಮಂಜೂರಾಗಿ, ಕುರ್ಚಿಗಳನ್ನು ನಿಲ್ಲಿಸಲು ಬಳಕೆಯಾಗುತ್ತಿವೆ.

ಈ ವರ್ಷ ಕುದೂರಿನಿಂದ ರಹೀಮಾ ಎಂಬ ಹೊಸ ಶಿಕ್ಷಕಿ ಬಂದರು. ಮೊದಲ ದಿನ ಈ ಮೆರವಣಿಗೆ ನೋಡಿ ಗೇಟಿನಲ್ಲೇ ನಿಂತುಬಿಟ್ಟರು. ಆಮೇಲೆ ಕಚೇರಿಗೆ ಬಂದು ಮೆಲ್ಲಗೆ ಕೇಳಿದರು: "ಮೇಡಂ, ಕೂರಬೇಕಾದವರು ತಳ್ತಾ ಇದಾರಲ್ಲ?"

ಶಾಲಿನಿ ಮೇಡಂ ಕೋಪಿಸಿಕೊಳ್ಳಲಿಲ್ಲ. "ಹೊಸದ್ರಲ್ಲಿ ಹಾಗನ್ಸುತ್ತೆ," ಎಂದರು.

ಹದಿನೈದು ದಿನ ಕಳೆದಿರಬೇಕು. ಸಹಾಯಕಿಯರಲ್ಲಿ ಒಬ್ಬರಿಗೆ ಜ್ವರ ಬಂದು ಒಂದು ಕುರ್ಚಿ ಗೇಟಿನಲ್ಲೇ ಉಳಿಯಿತು. ಅದರಲ್ಲಿದ್ದ ಹುಡುಗಿ ಇಳಿದು ನಡೆಯಲು ಹೊರಟಳು. ಕಿಟಕಿಯಿಂದ ನಾನು ನೋಡುತ್ತಿದ್ದೆ. ರಹೀಮಾ ಟೀಚರ್ ಓಡಿಹೋಗಿ ಅವಳ ಭುಜ ಹಿಡಿದು ವಾಪಸ್ ಕೂರಿಸಿದರು. ತಮ್ಮ ಕೈಚೀಲವನ್ನು ಹಿಡಿಗೆ ಸಿಕ್ಕಿಸಿ, ಸೆರಗು ಸೊಂಟಕ್ಕೆ ಬಿಗಿದು, ತಾವೇ ತಳ್ಳತೊಡಗಿದರು.

"ಕಾಲು ಕೆಳಗಿಡ್ಬೇಡ ಕಣೇ," ಎಂದು ಗದರಿದರು. "ಇವತ್ತು ಫೋಟೋ ಇದೆ."